ಫಿಡಿಯಾಸ್ ಕಳ್ಳನಾ? ಸಾವಿರ ಕಿಲೋ ಚಿನ್ನ, ಒಂದು ಆಡಿಟ್, ಒಂದು ಮಣ್ಣಿನ ಲೋಟ

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಓಡಿಸಿಕೊಂಡು ಹೇಳಿದ ಕೆಲವು ಭಾಗಗಳನ್ನು ಇಲ್ಲಿ ನಿಧಾನವಾಗಿ ಬಿಡಿಸಿದ್ದೇನೆ. ಕ್ಯಾಬಿನಲ್ಲೋ ಲೋಕಲ್ ಟ್ರೇನಿನಲ್ಲೋ ಕೂತು ಓದುವವರಿಗೆ ಅನುಕೂಲವಾಗಲಿ ಅಂತ.

ನೇರವಾಗಿ ವಿಷಯಕ್ಕೆ ಬರ್ತೀನಿ. ಒಂದು ದೇವಸ್ಥಾನ ಅಂದುಕೊಳ್ಳಿ. ಗರ್ಭಗುಡಿಯಲ್ಲಿ ಸುಮಾರು 12 ಮೀಟರ್ ಎತ್ತರದ ದೇವಿ ನಿಂತಿದ್ದಾಳೆ. ನಾವು ಬಾಡಿಗೆಗಿರುವ ಅಪಾರ್ಟ್‌ಮೆಂಟಿನ ಲೆಕ್ಕದಲ್ಲಿ ನಾಲ್ಕು ಮಹಡಿ. ಮುಖ, ತೋಳು, ಪಾದ ಎಲ್ಲಾ ಆನೆದಂತ. ಸೀರೆಯ ಹಾಗೆ ಮೈಮೇಲೆ ಇಳಿಬಿದ್ದ ಬಟ್ಟೆ, ತಲೆಯ ಶಿರಸ್ತ್ರಾಣ, ಒಡವೆ ಎಲ್ಲಾ ಚಿನ್ನ. ಆ ಚಿನ್ನದ ತೂಕ 40 ಟ್ಯಾಲೆಂಟ್ ಅಂತ ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ಒಂದು ಟ್ಯಾಲೆಂಟ್ ಅಂದರೆ ಸರಿಸುಮಾರು 26 ಕಿಲೋ. ಗುಣಿಸಿ ನೋಡಿ, ಒಂದು ಸಾವಿರ ಕಿಲೋಗಿಂತ ಹೆಚ್ಚು. ಇಂಥ ಮೂರ್ತಿಯನ್ನು ಮಾಡಿ ಮುಗಿಸಿದ ಶಿಲ್ಪಿಯ ಮೇಲೆ, ಅವನ ಟೀಮಿನಲ್ಲೇ ಕೆಲಸ ಮಾಡಿದ ಒಬ್ಬ ಬಂದು "ಇವನು ಕದ್ದಿದ್ದಾನೆ" ಅಂತ ದೂರು ಕೊಡ್ತಾನೆ.

ಶಿಲ್ಪಿಯ ಹೆಸರು ಫಿಡಿಯಾಸ್. ಊರು ಅಥೆನ್ಸ್. ಮೂರ್ತಿ ಪಾರ್ಥೆನಾನ್ ದೇವಾಲಯದ ಅಥೀನಾ ಪಾರ್ಥೆನೋಸ್. ಅದನ್ನು ಪ್ರತಿಷ್ಠಾಪನೆ ಮಾಡಿದ್ದು ಕ್ರಿ.ಪೂ. 438ರಲ್ಲಿ.

ಗ್ರೀಕ್ ಶಿಲ್ಪ ಅಂದ ತಕ್ಷಣ ನಮಗೆ ಬಿಳಿ ಅಮೃತಶಿಲೆಯ ಬೆತ್ತಲೆ ಗಂಡಸರು ನೆನಪಾಗ್ತಾರೆ. ಫಿಡಿಯಾಸ್ ವಿಷಯದಲ್ಲಿ ಆ ಚಿತ್ರವನ್ನು ಪಕ್ಕಕ್ಕಿಡಿ. ಪ್ರಾಚೀನರು ಅವನನ್ನು ಹೊಗಳಿದ್ದು ಮುಖ್ಯವಾಗಿ ಚಿನ್ನ, ದಂತ, ಕಂಚಿನ ಕೆಲಸಕ್ಕೆ. ಅವನು ಮನುಷ್ಯರನ್ನಲ್ಲ, ದೇವರನ್ನು ಮಾಡುವವನು ಅಂತಲೇ ಹೆಸರಾದವನು. ಆದರೆ ಅವನ ಕೈಯಿಂದಲೇ ಆದದ್ದು ಅಂತ ಬೆರಳಿಟ್ಟು ತೋರಿಸಬಹುದಾದ ಒಂದೇ ಒಂದು ಮೂರ್ತಿಯೂ ಇವತ್ತು ಉಳಿದಿಲ್ಲ. ಪ್ರಪಂಚದ ಅತ್ಯಂತ ದೊಡ್ಡ ಶಿಲ್ಪಿಗಳಲ್ಲಿ ಒಬ್ಬ ಅಂತ 2,400 ವರ್ಷಗಳಿಂದ ಹೇಳುತ್ತಾ ಬಂದಿರೋದು ಬೇರೆಯವರ ಬರಹ, ಚಿಕ್ಕ ಪ್ರತಿಗಳು, ನಾಣ್ಯದ ಮೇಲಿನ ಚಿತ್ರಗಳನ್ನು ನೋಡಿಯೇ. ಹೀಗಾಗಿ ಅವನ ವಿಷಯದಲ್ಲಿ ಕಳ್ಳತನದ ಪ್ರಶ್ನೆ ಬರೀ ಗಾಸಿಪ್ ಅಲ್ಲ. ಮೂರ್ತಿಗಳು ಹೋಗಿ ಹೆಸರು ಮಾತ್ರ ಉಳಿದಿರುವವನಿಗೆ ಹೆಸರೇ ಆಸ್ತಿ.

ಮೊದಲು ಹಿನ್ನೆಲೆ. ಫಿಡಿಯಾಸ್ ಹುಟ್ಟಿದ್ದು ಕ್ರಿ.ಪೂ. 490ರ ಆಸುಪಾಸು. ತಂದೆಯ ಹೆಸರು ಖಾರ್ಮಿಡೀಸ್. ಪರ್ಷಿಯನ್ನರು ಅಥೆನ್ಸಿಗೆ ನುಗ್ಗಿ ಅಕ್ರೊಪೊಲಿಸ್ ಗುಡ್ಡದ ದೇವಾಲಯಗಳನ್ನು ಸುಟ್ಟುಹಾಕಿದ್ದು 480ರಲ್ಲಿ. ಅಂದರೆ ಅವನು ಬೆಳೆದದ್ದು ಸುಟ್ಟ ಕಲ್ಲುಗಳು ಬಿದ್ದಿದ್ದ ಊರಿನಲ್ಲಿ. ಅವನ ಮೊದಲ ದೊಡ್ಡ ಕೆಲಸಗಳ ಪೈಕಿ ಒಂದು, ಅದೇ ಗುಡ್ಡದ ಮೇಲೆ ಬಯಲಲ್ಲಿ ನಿಂತ ಕಂಚಿನ ಅಥೀನಾ. ಅದರ ಈಟಿಯ ತುದಿ, ಶಿರಸ್ತ್ರಾಣದ ತುರಾಯಿ ಸಮುದ್ರದಲ್ಲಿ ಬರುವ ಹಡಗಿನವರಿಗೂ ಕಾಣುತ್ತಿತ್ತು ಅಂತ ಪೌಸೇನಿಯಸ್ ಬರೆಯುತ್ತಾನೆ. ಪೌಸೇನಿಯಸ್ ಕ್ರಿ.ಶ. 2ನೇ ಶತಮಾನದ ಪ್ರವಾಸಿ, ಊರೂರು ತಿರುಗಿ ಕಂಡದ್ದನ್ನು ಬರೆದಿಟ್ಟವನು. ಈ ಬರಹದಲ್ಲಿ ಅವನ ಹೆಸರು ಮತ್ತೆ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಆಮೇಲೆ ಬಂತು ಪೆರಿಕ್ಲೀಸನ ಕಾಲ. ಪರ್ಷಿಯನ್ನರ ವಿರುದ್ಧ ಗ್ರೀಕ್ ನಗರಗಳು ಸೇರಿ ಮಾಡಿಕೊಂಡ ಒಕ್ಕೂಟದ ಖಜಾನೆ ಡೆಲೋಸ್ ದ್ವೀಪದಲ್ಲಿತ್ತು. ಕ್ರಿ.ಪೂ. 454ರಲ್ಲಿ ಅದು ಅಥೆನ್ಸಿಗೆ ಬಂತು. 447ರಲ್ಲಿ ಪಾರ್ಥೆನಾನ್ ಕೆಲಸ ಶುರು. "ಎಲ್ಲರ ರಕ್ಷಣೆಗೆ ಅಂತ ಕೂಡಿಸಿದ ದುಡ್ಡಲ್ಲಿ ನಮ್ಮೂರಿಗೆ ಅಲಂಕಾರವಾ?" ಅಂತ ಅಥೆನ್ಸಿನಲ್ಲೇ ಗಲಾಟೆ ಎದ್ದಿತು. ವಿರೋಧ ಪಕ್ಷದ ನಾಯಕನ ಹೆಸರೂ ಥುಸಿಡಿಡೀಸ್. ಇತಿಹಾಸಕಾರ ಬೇರೆ, ಇವನು ಬೇರೆ. ಕೊನೆಗೆ ಮತ ಹಾಕಿ ಅವನನ್ನೇ ಊರಿನಿಂದ ಹೊರಗೆ ಕಳಿಸಿದರು. ಪೆರಿಕ್ಲೀಸ್ ಗೆದ್ದ. ಆದರೆ ಸೋತವರು ಸುಮ್ಮನಿದ್ದಾರೆಯೇ? ಪೆರಿಕ್ಲೀಸನನ್ನು ನೇರವಾಗಿ ಮುಟ್ಟಲು ಆಗದಿದ್ದಾಗ ಅವನ ಹತ್ತಿರದವರ ಮೇಲೆ ಕಣ್ಣು ಬೀಳುತ್ತೆ.

ಆ ಹತ್ತಿರದವರಲ್ಲಿ ಒಬ್ಬ ಫಿಡಿಯಾಸ್. ಇಕ್ಟಿನೋಸ್ ಮತ್ತು ಕಲ್ಲಿಕ್ರಟೀಸ್ ಎಂಬ ವಾಸ್ತುಶಿಲ್ಪಿಗಳು ಇದ್ದರೂ ಎಲ್ಲದರ ಮೇಲ್ವಿಚಾರಣೆ ಫಿಡಿಯಾಸನದು ಅಂತ ಪ್ಲುಟಾರ್ಕ್ ಬರೆಯುತ್ತಾನೆ. ಇವತ್ತಿನ ಭಾಷೆಯಲ್ಲಿ ಪ್ರೋಗ್ರಾಮ್ ಮ್ಯಾನೇಜರ್ ಅನ್ನಬಹುದೇನೋ. ದೇವಾಲಯದ ಹೊರಗೆ 92 ಚೌಕಟ್ಟಿನ ಶಿಲ್ಪಗಳು, ಸುತ್ತಲೂ 160 ಮೀಟರ್ ಉದ್ದದ ಮೆರವಣಿಗೆಯ ಪಟ್ಟಿಕೆ, ಎರಡು ತುದಿಯ ತ್ರಿಕೋನಗಳ ತುಂಬ ದೊಡ್ಡ ಮೂರ್ತಿಗಳು. ಹದಿನೈದು ವರ್ಷದಲ್ಲಿ ಇಷ್ಟನ್ನೂ ಒಬ್ಬನೇ ಕೆತ್ತಿದ ಅಂದರೆ ನಂಬುವವರು ಯಾರು? ಉಳಿದಿರೋ ಕಲ್ಲುಗಳನ್ನು ಹತ್ತಿರದಿಂದ ನೋಡಿದವರಿಗೆ ಬೇರೆ ಬೇರೆ ಕೈಗಳು ಗೊತ್ತಾಗ್ತವೆ. ಒಂದು ಚೌಕಟ್ಟಿನಲ್ಲಿ ಮೈಕಟ್ಟು ಹಳೆಯ ಶೈಲಿಯಲ್ಲಿ ಬಿಗಿಯಾಗಿದ್ದರೆ ಪಕ್ಕದ್ದರಲ್ಲಿ ಉಸಿರಾಡುವ ಹಾಗಿದೆ.

ಹಾಗಾದರೆ ಫಿಡಿಯಾಸನ ಶೈಲಿ ಅಂತ ಯಾವುದನ್ನು ಕರೆಯೋದು? ನನ್ನ ಮಟ್ಟಿಗೆ ಉತ್ತರ ಆ ಮೆರವಣಿಗೆಯ ಪಟ್ಟಿಕೆಯಲ್ಲಿದೆ. ಅದರ ದೊಡ್ಡ ಭಾಗಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲೂ ಅಥೆನ್ಸಿನ ಅಕ್ರೊಪೊಲಿಸ್ ಮ್ಯೂಸಿಯಂನಲ್ಲೂ ಹಂಚಿಹೋಗಿವೆ. ಎತ್ತರ ಒಂದೇ ಮೀಟರ್. ಕೆತ್ತನೆಯ ಆಳ ಕೆಲವೇ ಸೆಂಟಿಮೀಟರ್. ಅಷ್ಟರೊಳಗೆ ಮೂರು ನಾಲ್ಕು ಕುದುರೆಗಳು ಒಂದರ ಹಿಂದೊಂದು ಓಡ್ತಾವೆ, ಒಂದರ ಕಾಲು ಇನ್ನೊಂದರ ಹೊಟ್ಟೆಯ ಹಿಂದೆ ಮರೆಯಾಗುತ್ತೆ, ಆದರೂ ಎಲ್ಲೂ ಗೋಜಲಿಲ್ಲ. ಕುದುರೆಗೆ ನರ ಉಬ್ಬಿದೆ, ಮೂಗು ಅರಳಿದೆ. ಸವಾರನ ಮುಖ ಮಾತ್ರ ತಣ್ಣಗಿದೆ. ಇದೇ ಗುಟ್ಟು ಅನ್ಸುತ್ತೆ ನನಗೆ: ಮೈಯೆಲ್ಲಾ ಚಲನೆ, ಮುಖದಲ್ಲಿ ಶಾಂತಿ. ಬಟ್ಟೆಯ ನೆರಿಗೆ ಕೂಡ ಸುಮ್ಮನೆ ಅಲಂಕಾರವಲ್ಲ. ಒಳಗಿನ ಮೊಣಕಾಲು ಎಲ್ಲಿ ಬಗ್ಗಿದೆ, ಭಾರ ಯಾವ ಕಾಲಿನ ಮೇಲಿದೆ ಅನ್ನೋದನ್ನು ಹೇಳೋದೇ ನೆರಿಗೆ. ಈ ಪಟ್ಟಿಕೆ ಇದ್ದದ್ದು ನೆಲದಿಂದ ಸುಮಾರು 12 ಮೀಟರ್ ಎತ್ತರದಲ್ಲಿ, ಕಂಬಗಳ ಹಿಂದೆ, ನೆರಳಿನಲ್ಲಿ. ಅದಕ್ಕೇ ಮೇಲ್ಭಾಗವನ್ನು ಕೆಳಭಾಗಕ್ಕಿಂತ ಆಳವಾಗಿ ಕೆತ್ತಿದ್ದಾರೆ, ಕತ್ತೆತ್ತಿ ನೋಡುವವನಿಗೆ ಸರಿ ಕಾಣಲಿ ಅಂತ. ತ್ರಿಕೋನದ ಮೂರ್ತಿಗಳದ್ದು ಇನ್ನೂ ವಿಚಿತ್ರ. ಬೆನ್ನು ಗೋಡೆಗೆ ಆತಿದ್ದು ಯಾರಿಗೂ ಕಾಣದ್ದು, ಅದನ್ನೂ ಕೆತ್ತಿದ್ದಾರೆ. ರಿವ್ಯೂಗೆ ಹೋಗದ ಕೋಡ್‌ಗೂ ಕಾಮೆಂಟ್ ಬರೆದ ಹಾಗೆ.

ಉಳಿಯನ್ನು ಹಿಡಿದದ್ದು ಬೇರೆಯವರು. ಆದರೆ ಅಷ್ಟು ಜನರ ಕೈಯನ್ನು ಒಂದೇ ದನಿಗೆ ತಂದವನು ಯಾರೋ ಇರಲೇಬೇಕಲ್ಲ? ಎಲ್ಲಾ ಮುಖಗಳಲ್ಲೂ ಅದೇ ಶಾಂತಿ ಹೇಗೆ ಬಂತು? ನನಗೆ ಪ್ಲುಟಾರ್ಕನ ಮಾತು ಒಪ್ಪಿಗೆಯಾಗೋದು ಇಲ್ಲಿ.

ಹಾಗಂತ ಅವನು ಶಿಷ್ಯರ ಹೆಸರನ್ನು ನುಂಗಿದವನು ಅಂತ ಹೇಳೋ ಹಾಗೂ ಇಲ್ಲ. ಪ್ಲಿನಿ ಹೇಳುವ ಕತೆ ಇದರ ಉಲ್ಟಾ ಇದೆ: ಅಗೊರಾಕ್ರಿಟಸ್ ಎಂಬ ಪ್ರೀತಿಯ ಶಿಷ್ಯನಿಗೆ ಫಿಡಿಯಾಸ್ ತನ್ನ ಕೆಲಸಗಳ ಮೇಲೇ ಹೆಸರು ಹಾಕಿಕೊಳ್ಳಲು ಬಿಟ್ಟನಂತೆ. ಅಥೆನ್ಸಿನ ಸಮೀಪ ರಾಮ್ನೂಸ್ ಎಂಬಲ್ಲಿದ್ದ ನೆಮೆಸಿಸ್ ದೇವಿಯ ಮೂರ್ತಿ ಗುರುವಿನದ್ದಾ, ಶಿಷ್ಯನದ್ದಾ ಅಂತ ಪ್ರಾಚೀನರಲ್ಲೇ ಜಗಳ. ಪೌಸೇನಿಯಸ್ ಗುರುವಿನದು ಅಂತಾನೆ, ಪ್ಲಿನಿ ಶಿಷ್ಯನದು ಅಂತಾನೆ. ಆ ಮೂರ್ತಿಯ ಚೂರುಗಳು ಸಿಕ್ಕಿವೆ, 20ನೇ ಶತಮಾನದಲ್ಲಿ ಅವನ್ನು ಜೋಡಿಸಿಯೂ ನೋಡಿದ್ದಾರೆ. ಸೀನಿಯರ್ ಮಾಡಿದ ಕೆಲಸಕ್ಕೆ ಜೂನಿಯರ್ ಹೆಸರು! ನಮ್ಮ ಕಡೆ ಇದು ಎಷ್ಟು ಆಫೀಸಲ್ಲಿ ಕಂಡಿದ್ದೀರಿ, ಕಾಮೆಂಟಲ್ಲಿ ಬರೀರಿ.

ಈಗ ಚಿನ್ನಕ್ಕೆ ಬರೋಣ.

ಇಂಥ ಮೂರ್ತಿ ಗಟ್ಟಿ ಚಿನ್ನವಲ್ಲ. ಒಳಗೆ ಮರದ ಅಸ್ಥಿಪಂಜರ, ನಡುವೆ ಹಡಗಿನ ಪಟಸ್ತಂಭದಂಥ ದೊಡ್ಡ ತೊಲೆ. ಪಾರ್ಥೆನಾನ್ ನೆಲದಲ್ಲಿ ಆ ತೊಲೆ ಊರಿದ್ದ ಗುಳಿ ಈಗಲೂ ಇದೆ. ಮರದ ಮೇಲೆ ದಂತದ ತೆಳು ಹಲಗೆಗಳನ್ನು ಮೆತ್ತಗೆ ಮಾಡಿ, ಬಗ್ಗಿಸಿ, ಸೇರಿಸಿ ಚರ್ಮ ಮಾಡೋದು. ಬಟ್ಟೆಗೆ ಚಿನ್ನದ ತಗಡು. ಚಪ್ಪಲಿಯ ಅಂಚಿನಲ್ಲೂ ಯುದ್ಧದ ದೃಶ್ಯ ಕೆತ್ತಿದ್ದರು ಅಂತ ಪ್ಲಿನಿ ಬರೆಯುತ್ತಾನೆ. ದಂತಕ್ಕೆ ಹವೆ ಒಗ್ಗಬೇಕು. ಒಣಗಿದರೆ ಬಿರಿಯುತ್ತೆ. ಅಕ್ರೊಪೊಲಿಸ್ ಒಣ ಗುಡ್ಡ, ಅದಕ್ಕೇ ಅಲ್ಲಿ ದಂತಕ್ಕೆ ನೀರಿನ ತೇವ ಕೊಡ್ತಿದ್ದರು. ಜೌಗು ನೆಲದ ಒಲಿಂಪಿಯಾದಲ್ಲಿ ಎಣ್ಣೆ. ಇದೂ ಪೌಸೇನಿಯಸ್ ಕೊಟ್ಟ ವಿವರ. ಬರೀ ಶಿಲ್ಪಿ ಸಾಲದು, ಬಡಗಿ, ಅಕ್ಕಸಾಲಿ, ಬಣ್ಣದವನು, ಗಾಜಿನವನು, ಜೊತೆಗೆ ಮೇಂಟೆನೆನ್ಸ್ ಪ್ಲಾನ್ ಎಲ್ಲಾ ಬೇಕು.

ಚಿನ್ನದ ತಗಡುಗಳನ್ನು ಬಿಚ್ಚಿ ತೆಗೆಯುವ ಹಾಗೆ ಜೋಡಿಸಿದ್ದರು. ಅದು ಕಲೆಯ ಅಗತ್ಯಕ್ಕಲ್ಲ, ಲೆಕ್ಕದ ಅಗತ್ಯಕ್ಕೆ. ಕ್ರಿ.ಪೂ. 431ರಲ್ಲಿ ಸ್ಪಾರ್ಟಾ ಜೊತೆ ಯುದ್ಧ ಶುರುವಾದಾಗ ಪೆರಿಕ್ಲೀಸ್ ಜನರ ಮುಂದೆ ಊರಿನ ಆಸ್ತಿಪಟ್ಟಿ ಓದುತ್ತಾನೆ. ತೀರಾ ಕಷ್ಟ ಬಂದರೆ ದೇವಿಯ ಮೈಮೇಲಿನ 40 ಟ್ಯಾಲೆಂಟ್ ಚಿನ್ನ ಬಿಚ್ಚಿ ಬಳಸಬಹುದು, ಆಮೇಲೆ ವಾಪಸ್ ಇಡಬೇಕು ಅಂತಾನೆ. ಅಂದರೆ ದೇವಿ ದೇವಿಯೂ ಹೌದು, ಊರಿನ ಫಿಕ್ಸೆಡ್ ಡಿಪಾಸಿಟ್ಟೂ ಹೌದು. ಆಗ ಒಂದು ತೂಕ ಚಿನ್ನಕ್ಕೆ 14 ತೂಕ ಬೆಳ್ಳಿ. ಆ ಲೆಕ್ಕದಲ್ಲಿ 40 ಟ್ಯಾಲೆಂಟ್ ಚಿನ್ನ 560 ಟ್ಯಾಲೆಂಟ್ ಬೆಳ್ಳಿಗೆ ಸಮ. ಮಿತ್ರ ನಗರಗಳಿಂದ ವರ್ಷಕ್ಕೆ ಬರುತ್ತಿದ್ದ ಒಟ್ಟು ಕಪ್ಪ 600 ಟ್ಯಾಲೆಂಟ್. ಒಂದು ಸಾಮ್ರಾಜ್ಯದ ವರ್ಷದ ಆದಾಯ ಒಂದು ಮೂರ್ತಿಯ ಮೈಮೇಲೆ!

14ರ ಈ ಲೆಕ್ಕ ಎಲ್ಲಿಂದ ಬಂತು ಅಂದರೆ, ಅಥೆನ್ಸಿನವರು ಖರ್ಚನ್ನು ಕಲ್ಲಿನ ಮೇಲೆ ಕೆತ್ತಿಸಿ ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸುತ್ತಿದ್ದರು. ವರ್ಷ ವರ್ಷ ಎಷ್ಟು ಬಂತು, ಎಷ್ಟು ಹೋಯಿತು, ಏನು ಉಳಿಯಿತು. ಆ ಕಲ್ಲುಗಳ ಚೂರುಗಳು ಸಿಕ್ಕಿವೆ. ಪಾರ್ಥೆನಾನ್ ಲೆಕ್ಕದ ಕೊನೆಯ ವರ್ಷಗಳಲ್ಲಿ ಒಂದು ನಮೂದಿದೆ: ಉಳಿದ 98 ದ್ರಾಖ್ಮಾ ತೂಕದ ಚಿನ್ನ ಮಾರಿದ್ದರಿಂದ 1372 ದ್ರಾಖ್ಮಾ. 98 ಗುಣಿಸು 14, ಸರಿಯಾಗಿ 1372. ಒಂದು ದ್ರಾಖ್ಮಾ ತೂಕ ನಾಲ್ಕು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಅಂದರೆ ಅರ್ಧ ಕಿಲೋ ಕೂಡ ಇಲ್ಲದ ಉಳಿಕೆ ಚಿನ್ನಕ್ಕೂ ಲೆಕ್ಕ ಇದೆ. ಅದರ ಪಕ್ಕದಲ್ಲೇ ಉಳಿದ ದಂತ ಮಾರಿದ ಲೆಕ್ಕ. ಇದನ್ನು ಮೊದಲ ಸಲ ಓದಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸೌಂದರ್ಯದ ಬಗ್ಗೆ ಸಾವಿರ ಪುಟ ಓದಿದರೂ ಸಿಗದ ಅಥೆನ್ಸ್ ಆ ಒಂದು ಸಾಲಿನಲ್ಲಿ ಸಿಕ್ಕಿತ್ತು.

ಈ ವ್ಯವಸ್ಥೆಯೊಳಗೆ ದೂರು ಬಂತು. ಪ್ಲುಟಾರ್ಕ್ ಹೇಳೋದು ಹೀಗೆ. ಫಿಡಿಯಾಸನ ಸಹಾಯಕ ಮೆನಾನ್ ಎಂಬವನನ್ನು ವಿರೋಧಿಗಳು ಪುಸಲಾಯಿಸಿದರು. ಅವನು ಸಂತೆ ಚೌಕದಲ್ಲಿ ಶರಣಾರ್ಥಿಯ ಹಾಗೆ ಕೂತು, ತನಗೆ ರಕ್ಷಣೆ ಕೊಟ್ಟರೆ ಫಿಡಿಯಾಸನ ಕಳ್ಳತನ ಹೇಳ್ತೀನಿ ಅಂದ. ಪೆರಿಕ್ಲೀಸ್ ಹೇಳಿದ್ದು ಒಂದೇ ಮಾತು: ಚಿನ್ನ ಬಿಚ್ಚಿ, ತೂಗಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ಅವರಲ್ಲ. ಮೂರ್ತಿಯನ್ನೇ ತಕ್ಕಡಿಗೆ ಸಿದ್ಧ ಮಾಡಿಟ್ಟಿದ್ದರು. ಚಿನ್ನದ ಆರೋಪ ಅಲ್ಲಿಗೆ ಬಿತ್ತು.

ಆದರೆ ಬಿಡಲಿಲ್ಲ. ಎರಡನೇ ಆರೋಪ ಬಂತು: ದೇವಿಯ ಗುರಾಣಿಯ ಮೇಲಿನ ಯುದ್ಧದ ಕೆತ್ತನೆಯಲ್ಲಿ, ಎರಡೂ ಕೈಯಲ್ಲಿ ಕಲ್ಲೆತ್ತಿದ ಬೋಳುತಲೆಯ ಮುದುಕನಾಗಿ ತನ್ನನ್ನೇ ಕೆತ್ತಿಕೊಂಡಿದ್ದಾನೆ, ಪಕ್ಕದಲ್ಲಿ ಪೆರಿಕ್ಲೀಸನನ್ನೂ ಕೆತ್ತಿದ್ದಾನೆ, ಈಟಿ ಹಿಡಿದ ಕೈಯನ್ನು ಮುಖಕ್ಕೆ ಅಡ್ಡ ತಂದು ಹೋಲಿಕೆ ಮುಚ್ಚೋಕೆ ನೋಡಿದ್ದಾನೆ ಅಂತ. ಆ ಗುರಾಣಿಯ ಒಂದು ರೋಮನ್ ಕಾಲದ ಪ್ರತಿಯ ತುಂಡು ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಸ್ಟ್ರಾಂಗ್‌ಫರ್ಡ್ ಗುರಾಣಿ ಅಂತ ಕರೀತಾರೆ. ಅದರಲ್ಲಿ ಬೋಳುತಲೆಯ ಮುದುಕ ಇದ್ದಾನೆ. ಪಕ್ಕದಲ್ಲಿ ಮುಖಕ್ಕೆ ಕೈ ಅಡ್ಡ ಬಂದವನೂ ಇದ್ದಾನೆ. ಕತೆ ನೋಡಿ ಕೆತ್ತಿದರೋ, ಕೆತ್ತನೆ ನೋಡಿ ಕತೆ ಕಟ್ಟಿದರೋ? ನನಗೆ ಎರಡನೆಯದೇ ಹೆಚ್ಚು ಸಹಜ ಅನ್ಸುತ್ತೆ. ಒಂದು ಸಾಲು ಯೋಧರ ನಡುವೆ ಒಬ್ಬ ಬೋಳುತಲೆಯವನು ಕಂಡರೆ ಗೈಡುಗಳು ಬಿಡ್ತಾರಾ?

ಕೊನೆಗೆ ಫಿಡಿಯಾಸ್ ಜೈಲು ಸೇರಿ ಅಲ್ಲೇ ಕಾಯಿಲೆಯಿಂದ ಸತ್ತ, ಕೆಲವರ ಪ್ರಕಾರ ವಿಷ ಕೊಟ್ಟರು, ಅಂತ ಪ್ಲುಟಾರ್ಕ್ ಮುಗಿಸುತ್ತಾನೆ. ದೂರು ಕೊಟ್ಟ ಮೆನಾನ್‌ಗೆ ತೆರಿಗೆ ವಿನಾಯಿತಿ ಸಿಕ್ಕಿತಂತೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಪ್ಲುಟಾರ್ಕ್ ಬರೆದಿದ್ದು ಈ ಘಟನೆಗಳಾಗಿ ಐನೂರಕ್ಕೂ ಹೆಚ್ಚು ವರ್ಷದ ಮೇಲೆ. ಅವನಿಗಿಂತ ಹಳೆಯವನು ಫಿಲೋಕೊರಸ್, ಕ್ರಿ.ಪೂ. 3ನೇ ಶತಮಾನದ ಅಥೆನ್ಸಿನ ಇತಿಹಾಸಕಾರ. ಅವನ ಮೂಲಕ ಬಂದಿರೋ ಕತೆ ಬೇರೆ. ಆರೋಪ ಚಿನ್ನದ್ದಲ್ಲ, ದಂತದ್ದು. ಫಿಡಿಯಾಸ್ ಜೈಲಲ್ಲಿ ಸಾಯಲಿಲ್ಲ, ಎಲಿಸ್ ಪ್ರಾಂತಕ್ಕೆ ಹೋದ, ಅಲ್ಲಿ ಒಲಿಂಪಿಯಾದ ಜ್ಯೂಸ್ ಮೂರ್ತಿ ಮಾಡಿದ, ಆಮೇಲೆ ಎಲಿಸಿನವರೇ ಅವನನ್ನು ಕೊಂದರು.

ದಂತ ಅನ್ನೋದನ್ನು ಗಮನಿಸಿ. ಚಿನ್ನವನ್ನು ಬಿಚ್ಚಿ ತೂಗಬಹುದು. ದಂತವನ್ನು? ಕೊಯ್ದು, ಉಜ್ಜಿ, ಬಗ್ಗಿಸಿ, ಮರಕ್ಕೆ ಅಂಟಿಸಿದ ಮೇಲೆ ಎಷ್ಟು ತಂದೆ, ಎಷ್ಟು ಪುಡಿಯಾಯಿತು ಅಂತ ಯಾವ ತಕ್ಕಡಿಯೂ ಹೇಳಲ್ಲ. ಯಾರನ್ನಾದರೂ ಸಿಕ್ಕಿಸಬೇಕು ಅಂದರೆ ಲೆಕ್ಕ ಸಿಗುವ ಜಾಗ ಬಿಟ್ಟು ಲೆಕ್ಕ ಸಿಗದ ಜಾಗಕ್ಕೇ ಕೈ ಹಾಕ್ತಾರೆ. ಇದು ನನ್ನ ಊಹೆ ಅಷ್ಟೇ, ಆದರೆ ಲೆಕ್ಕಪತ್ರದ ಜೊತೆ ಬದುಕುವವರಿಗೆ ಒಪ್ಪಿಗೆಯಾದೀತು.

ಇನ್ನೊಬ್ಬ ಸಾಕ್ಷಿ ನಾಟಕಕಾರ ಅರಿಸ್ಟೋಫನೀಸ್. ಕ್ರಿ.ಪೂ. 421ರ ಅವನ "ಶಾಂತಿ" ನಾಟಕದಲ್ಲಿ ಹರ್ಮಿಸ್ ದೇವರು ಬಂದು, ಈ ಮಹಾಯುದ್ಧಕ್ಕೆ ಕಾರಣವೇ ಫಿಡಿಯಾಸನಿಗೆ ಬಂದ ತೊಂದರೆ, ತನಗೂ ಅದೇ ಗತಿ ಬಂದೀತು ಅಂತ ಹೆದರಿ ಪೆರಿಕ್ಲೀಸ್ ಯುದ್ಧದ ಕಿಡಿ ಹಚ್ಚಿದ ಅಂತಾನೆ. ಕೇಳಿಸಿಕೊಂಡ ಪಾತ್ರಗಳು, ಇದನ್ನು ಇಷ್ಟು ದಿನ ಯಾರೂ ಹೇಳಿರಲಿಲ್ಲವಲ್ಲ ಅಂತ ಬೆರಗಾಗ್ತವೆ. ಅಂದರೆ ಜೋಕು. ಆದರೆ ಜನಕ್ಕೆ ಜೋಕು ಅರ್ಥವಾಗಬೇಕಾದರೆ ಫಿಡಿಯಾಸನಿಗೆ ಏನೋ ಆಯಿತು ಅನ್ನೋದಾದರೂ ಊರಿಗೆಲ್ಲ ಗೊತ್ತಿರಬೇಕು.

ಹೀಗೆ ಎರಡು ಕತೆಗಳು. ಒಂದರಲ್ಲಿ ಅಥೆನ್ಸಿನ ಜೈಲಲ್ಲಿ ಸಾವು, ಇನ್ನೊಂದರಲ್ಲಿ ಒಲಿಂಪಿಯಾದಲ್ಲಿ ಹೊಸ ಕೆಲಸ. ಯಾವುದು ಸರಿ? ಬಹುಕಾಲ ಇದು ಪಂಡಿತರ ವಾದ. ಜ್ಯೂಸ್ ಮೂರ್ತಿಯನ್ನು ಅಥೀನಾಗಿಂತ ಮುಂಚೆಯೇ ಮಾಡಿದ್ದ ಅಂದುಬಿಟ್ಟರೆ ಪ್ಲುಟಾರ್ಕ್ ಉಳಿಯುತ್ತಾನೆ, ಆಮೇಲೆ ಮಾಡಿದ ಅಂದರೆ ಬೀಳುತ್ತಾನೆ.

ಉತ್ತರ ಸಿಕ್ಕಿದ್ದು 1950ರ ದಶಕದಲ್ಲಿ, ನೆಲದಿಂದ. ಪೌಸೇನಿಯಸ್ ಒಲಿಂಪಿಯಾಕ್ಕೆ ಹೋಗಿದ್ದಾಗ "ಇದು ಫಿಡಿಯಾಸನ ಕಾರ್ಯಾಗಾರ" ಅಂತ ಒಂದು ಕಟ್ಟಡ ತೋರಿಸಿದ್ದರು. ಆ ಜಾಗದಲ್ಲಿ ಆಮೇಲೆ ಚರ್ಚು ಎದ್ದಿತ್ತು. 1954ರಿಂದ 1958ರವರೆಗೆ ಜರ್ಮನ್ ಪುರಾತತ್ವಜ್ಞರು ಅಲ್ಲಿ ಅಗೆದರು. ಕಟ್ಟಡದ ಅಳತೆ ಜ್ಯೂಸ್ ದೇವಾಲಯದ ಗರ್ಭಗುಡಿಯ ಅಳತೆಗೆ ಹೊಂದುತ್ತೆ. ಅದೇ ಅಳತೆಯ ಕೋಣೆಯಲ್ಲಿ ಕಟ್ಟಿ ನೋಡಿ, ಆಮೇಲೆ ಬಿಚ್ಚಿ ದೇವಾಲಯಕ್ಕೆ ಸಾಗಿಸೋದು. ಸ್ಟೇಜಿಂಗ್ ಸರ್ವರ್ ಅಂದರೆ ನಮ್ಮವರಿಗೆ ಬೇಗ ಅರ್ಥವಾಗುತ್ತೆ. ಕಸದ ರಾಶಿಯಲ್ಲಿ ಸಿಕ್ಕಿದ್ದು ಬಟ್ಟೆಯ ನೆರಿಗೆಯ ಮಣ್ಣಿನ ಅಚ್ಚುಗಳು, ಗಾಜಿನ ಚೂರು, ದಂತದ ಚೂರು, ಮೂಳೆಯ ಸಲಕರಣೆ. ಅವುಗಳ ಜೊತೆ ಒಂದು ಪುಟ್ಟ ಕಪ್ಪು ಲೋಟ. ಅದರ ತಳದಲ್ಲಿ ಗೀಚಿರೋ ಎರಡೇ ಪದ: "ನಾನು ಫಿಡಿಯಾಸನದು."

ಆಫೀಸಿನ ಪ್ಯಾಂಟ್ರಿಯಲ್ಲಿ ಮಗ್ ಕಳೆದುಕೊಂಡವರಿಗೆ ಈ ಮನುಷ್ಯ ತಕ್ಷಣ ಹತ್ತಿರದವನಾಗ್ತಾನೆ.

ಲೋಟಕ್ಕಿಂತ ದೊಡ್ಡ ಸಾಕ್ಷಿ ಅದರ ಸುತ್ತ ಬಿದ್ದಿದ್ದ ಮಡಕೆ ಚೂರುಗಳು. ಮಡಕೆಯ ಶೈಲಿ ದಶಕದಿಂದ ದಶಕಕ್ಕೆ ಬದಲಾಗುವುದರಿಂದ ಕಾಲ ಹೇಳಬಹುದು. ಇಲ್ಲಿನವು ಕ್ರಿ.ಪೂ. 430ರ ದಶಕ ಮತ್ತು ಅದರ ಆಸುಪಾಸಿನವು. ಅಂದರೆ ಅಥೀನಾ ಮುಗಿದ ಮೇಲಿನವು. ಅಥೆನ್ಸ್ ಬಿಟ್ಟ ಮೇಲೂ ಫಿಡಿಯಾಸ್ ಬದುಕಿದ್ದ, ಕೆಲಸ ಮಾಡುತ್ತಿದ್ದ, ತನ್ನ ಲೋಟದಲ್ಲಿ ಕುಡಿಯುತ್ತಿದ್ದ. ಅಥೆನ್ಸಿನ ಜೈಲಿನ ಸಾವು, ವಿಷದ ಕತೆ ಇದರ ಮುಂದೆ ನಿಲ್ಲೋದು ಕಷ್ಟ.

ಅವನು ಅಲ್ಲಿ ಮಾಡಿದ್ದು ಏಳು ಅದ್ಭುತಗಳಲ್ಲಿ ಒಂದಾದ ಜ್ಯೂಸ್. ಸುಮಾರು 12 ಮೀಟರ್ ಎತ್ತರ, ಅದೂ ಕೂತ ಭಂಗಿಯಲ್ಲಿ. ದೇವರು ಎದ್ದು ನಿಂತರೆ ಸೂರು ಹಾರಿಹೋಗುತ್ತೆ ಅಂತ ಭೂಗೋಳಕಾರ ಸ್ಟ್ರಾಬೋ ತಮಾಷೆ ಮಾಡಿದ್ದಾನೆ. ನನಗೆ ಅದು ದೋಷ ಅನ್ನಿಸಲ್ಲ. ದೇವರು ಈ ಮನೆಯಲ್ಲಿ ಹಿಡಿಸದಷ್ಟು ದೊಡ್ಡವನು ಅಂತ ಭಕ್ತನಿಗೆ ಮೊದಲ ನೋಟಕ್ಕೇ ತಿಳಿಯಬೇಕಿತ್ತು. ಬಲಗೈಯಲ್ಲಿ ವಿಜಯದೇವತೆ, ಎಡಗೈಯಲ್ಲಿ ಹದ್ದು ಕೂತ ರಾಜದಂಡ, ಚಿನ್ನದ ವಸ್ತ್ರದ ಮೇಲೆ ಪ್ರಾಣಿಗಳು ಮತ್ತು ಲಿಲಿ ಹೂಗಳು. ಬಂಧು ಪನೈನಸ್ ಚಿತ್ರ ಬರೆದ, ಶಿಷ್ಯ ಕೊಲೊಟೀಸ್ ಕೈಜೋಡಿಸಿದ. ಮಾದರಿ ಎಲ್ಲಿಂದ ತಂದೆ ಅಂತ ಪನೈನಸ್ ಕೇಳಿದಾಗ, ಹೋಮರನ ಇಲಿಯಡ್‌ನಲ್ಲಿ ಜ್ಯೂಸ್ ಹುಬ್ಬು ಬಗ್ಗಿಸಿ ತಲೆಯಾಡಿಸಿದರೆ ಒಲಿಂಪಸ್ ಪರ್ವತ ನಡುಗುವ ಜಾಗದಿಂದ ಅಂದನಂತೆ. ಇದು ಸ್ಟ್ರಾಬೋ ಹೇಳಿದ್ದು. ಲೂಸಿಯನ್ ಇನ್ನೊಂದು ಕತೆ ಹೇಳ್ತಾನೆ. ಮೂರ್ತಿಯನ್ನು ಮೊದಲು ಜನರಿಗೆ ತೋರಿಸಿದ ದಿನ ಫಿಡಿಯಾಸ್ ಬಾಗಿಲ ಹಿಂದೆ ನಿಂತು ಯಾರು ಏನು ಹೇಳ್ತಾರೆ ಕೇಳಿಸಿಕೊಂಡ. ಮೂಗು ದಪ್ಪ ಅಂದವರಿದ್ದರು, ಮುಖ ಉದ್ದ ಅಂದವರಿದ್ದರು. ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು ತಿದ್ದಿದ. ಯೂಸರ್ ಟೆಸ್ಟಿಂಗ್‌ಗೆ ಇಷ್ಟು ಹಳೆಯ ಕತೆ ನಾನಂತೂ ಬೇರೆ ಕೇಳಿಲ್ಲ.

ಮುಂದಿನದು ಬೇಗ ಹೇಳಿಬಿಡ್ತೀನಿ. ಅಥೀನಾಳ ಚಿನ್ನವನ್ನು ಕ್ರಿ.ಪೂ. 3ನೇ ಶತಮಾನದ ಆರಂಭದಲ್ಲಿ ಲಕಾರೀಸ್ ಎಂಬ ಸರ್ವಾಧಿಕಾರಿ ಬಿಚ್ಚಿಕೊಂಡ. ಶಿಲ್ಪಿಯ ಮೇಲೆ ಬಂದ ಆರೋಪವನ್ನು ನಿಜವಾಗಿ ಮಾಡಿ ತೋರಿಸಿದವನು ಅವನು. ಆ ಮೂರ್ತಿ ಹೇಗಿತ್ತು ಅಂತ ನೋಡಬೇಕಾದರೆ 1880ರಲ್ಲಿ ಅಥೆನ್ಸಿನಲ್ಲಿ ಸಿಕ್ಕ, ಸುಮಾರು ಒಂದು ಮೀಟರ್ ಎತ್ತರದ ರೋಮನ್ ಕಾಲದ ಅಮೃತಶಿಲೆ ಪ್ರತಿ ನೋಡಬೇಕು. ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿದೆ. ಮುದ್ದಾಗಿಲ್ಲ, ಗೊಂಬೆಯ ಹಾಗಿದೆ. ಜ್ಯೂಸ್ ಕೊನೆಗೆ ಕಾನ್‌ಸ್ಟಾಂಟಿನೋಪಲ್ ಸೇರಿ ಕ್ರಿ.ಶ. 5ನೇ ಶತಮಾನದ ಬೆಂಕಿಯಲ್ಲಿ ಸುಟ್ಟುಹೋಯಿತು ಅಂತ ಬೈಜಾಂಟೈನ್ ಬರಹಗಾರರು ಹೇಳ್ತಾರೆ.

ಫಿಲೋಕೊರಸನ ಕತೆಯ ಕೊನೆಯ ತುಂಡು ಉಳಿಯಿತು: ಎಲಿಸಿನವರು ಅವನನ್ನು ಕೊಂದರು ಅನ್ನೋದು. ಇದನ್ನು ನಾನು ನಂಬಲ್ಲ. ಕಾರಣ ಕೊಡ್ತೀನಿ. ಅಥೆನ್ಸಿನಲ್ಲಿ, ದೇವಿಯನ್ನು ಮಾಡಿದವನು ಫಿಡಿಯಾಸ್ ಅಂತ ಕಲ್ಲಿನ ಶಾಸನದಲ್ಲಿ ಬರೆದಿತ್ತು, ಅದು ತನ್ನ ಕಾಲಕ್ಕೂ ಇತ್ತು ಅಂತ ಪ್ಲುಟಾರ್ಕನೇ ಹೇಳ್ತಾನೆ. ಕಳ್ಳ ಅಂತ ತೀರ್ಮಾನ ಮಾಡಿದ ಊರು ಅವನ ಹೆಸರನ್ನು ಅಳಿಸಲಿಲ್ಲ. ಒಲಿಂಪಿಯಾದಲ್ಲಿ ಜ್ಯೂಸ್‌ನ ಪಾದದ ಕೆಳಗೆ, ಇದನ್ನು ಮಾಡಿದವನು ಅಥೆನ್ಸಿನವನು, ಖಾರ್ಮಿಡೀಸನ ಮಗ ಫಿಡಿಯಾಸ್ ಅನ್ನುವ ಬರಹವನ್ನು ಪೌಸೇನಿಯಸ್ ಕಂಡಿದ್ದಾನೆ. ತಮ್ಮ ದೇವರನ್ನು ಕದ್ದವನು ಅಂತ ಕೊಂದಿದ್ದರೆ, ಅದೇ ದೇವರ ಪಾದದಡಿ ಆರು ನೂರು ವರ್ಷ ಅವನ ಹೆಸರು ಬಿಡುತ್ತಿದ್ದರಾ?

ಎಲ್ಲಕ್ಕಿಂತ ಬಲವಾದದ್ದು ಪೌಸೇನಿಯಸ್ ದಾರಿಯಲ್ಲಿ ಹೋಗ್ತಾ ಬರೆದಿಟ್ಟ ಒಂದು ವಿವರ. ಅವನು ಹೋದಾಗ ಒಲಿಂಪಿಯಾದಲ್ಲಿ ಒಂದು ಮನೆತನ ಇತ್ತು. ಜ್ಯೂಸ್ ಮೂರ್ತಿಯ ದೂಳು ಒರೆಸಿ, ಒಪ್ಪ ಮಾಡಿ ಹೊಳಪಿಡುವ ಹಕ್ಕು ಅವರದು. ಆ ಹಕ್ಕು ಕೊಟ್ಟವರು ಎಲಿಸಿನ ಜನ. ಆ ಮನೆತನದವರು ಫಿಡಿಯಾಸನ ವಂಶಸ್ಥರು. ಅಥೆನ್ಸ್ ಬಿಟ್ಟು ಬಂದವನ ಮಕ್ಕಳು ಮೊಮ್ಮಕ್ಕಳು ಹೊಸ ಊರಲ್ಲಿ ಉಳಿದು ಅವನ ಕೆಲಸವನ್ನೇ ಕಾಯುತ್ತಿದ್ದರು. ಹೊಳಪಿಡೋಕೆ ಕೂರುವ ಮುಂಚೆ ಅವರು ಒಂದು ದೇವತೆಗೆ ಬಲಿ ಕೊಡುತ್ತಿದ್ದರಂತೆ. ಜ್ಯೂಸ್‌ಗಲ್ಲ. ಕೈಕೆಲಸದವರ ದೇವತೆ, ತಮ್ಮ ಹಳೆಯ ಊರಿನ ಅಥೀನಾಗೆ.

ಇವತ್ತಿಗೆ ಇಷ್ಟು. ಪ್ರಶ್ನೆ ಇದ್ದರೆ ವಿಡಿಯೋ ಕೆಳಗೆ ಹಾಕಿ.